ಅತ್ತಿಗೆಯ ಬಟನ್ ಫೋನು

ನಮ್ಮ ಅತ್ತಿಗೆಯ ಫೋನನ್ನು ಮೊದಲ ಸಲ ನೋಡಿದವರು ನಗದೆ ಇರುವುದಿಲ್ಲ. ಹಾಗೆ ನಕ್ಕವರನ್ನು ನಾನು ಸುಮ್ಮನೆ ಬಿಡುವುದೂ ಇಲ್ಲ. ನಗುವ ಹಕ್ಕು ಮನೆಯವಳಾದ ನನಗೆ ಮಾತ್ರ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಫೋನು. ಹಿಂದಿನ ಮುಚ್ಚಳ ಬಿದ್ದುಹೋಗದಂತೆ ಸುತ್ತ ಒಂದು ರಬ್ಬರ್ ಬ್ಯಾಂಡ್. ಬಟನ್‌ಗಳ ಮೇಲಿನ ಅಂಕಿಗಳೆಲ್ಲ ಸವೆದು ಯಾವ ಕಾಲವಾಯಿತೋ. ನಡುವಿನ ಐದರ ಮೇಲೆ ಒಂದು ಸಣ್ಣ ಉಬ್ಬು ಮಾತ್ರ ಉಳಿದಿದೆ. ಅದರ ಮೇಲೆ ಹೆಬ್ಬೆರಳಿಟ್ಟರೆ ಮಿಕ್ಕ ಬಟನ್‌ಗಳು ಎಲ್ಲಿವೆ ಎಂದು ಅತ್ತಿಗೆಗೆ ಕಣ್ಣುಮುಚ್ಚಿಯೂ ಗೊತ್ತು. ಕೋಟಿನ ಜೇಬಿನೊಳಗೇ ಒತ್ತುತ್ತಾರೆ, ಜೇಬಿನೊಳಗೇ ಕತ್ತರಿಸುತ್ತಾರೆ.

ಅತ್ತಿಗೆ ಶಾಲೆಯ ವ್ಯಾನ್ ಓಡಿಸುತ್ತಾರೆ. ಅದೇ ವ್ಯಾನಿನಲ್ಲಿ ನಾನು ಆಯಾ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಮೂಗು ಒರೆಸುವುದು, ಕಿಟಕಿಯಿಂದ ಹೊರಗೆ ಚಾಚಿದ ಕೈಗೆ ಒಂದು ಏಟು ಹಾಕುವುದು, ಇವೆಲ್ಲ ನನ್ನ ಇಲಾಖೆ. ನಮ್ಮ ವ್ಯಾನಿನಲ್ಲಿ ಫೋನ್ ಎತ್ತಿ ಮಾತಾಡುವ ಪದ್ಧತಿ ಇಲ್ಲ, ಎಲ್ಲ ವ್ಯವಹಾರವೂ ಮಿಸ್ ಕಾಲಿನಲ್ಲೇ. ಬೆಳಿಗ್ಗೆ ಒಂದು ಮನೆಯಿಂದ ಹೊರಡುವಾಗ ಅತ್ತಿಗೆ ಮುಂದಿನ ಮನೆಗೆ ಒಂದು ರಿಂಗ್ ಕೊಡುತ್ತಾರೆ, ಆ ಮಗು ಕೆಳಗಿಳಿದು ನಿಂತಿರಬೇಕು. ಸಂಜೆ ವ್ಯಾನು ನಿಂತಾಗ ಮನೆಯವರು ಒಂದು ರಿಂಗ್ ಕೊಡುತ್ತಾರೆ. ಬಾಗಿಲಲ್ಲಿ ನಿಂತಿದ್ದೇವೆ, ಕಳಿಸಿ ಎಂದು ಅದರ ಅರ್ಥ. ಎರಡು ರಿಂಗ್ ಬಂದರೆ ಸ್ವಲ್ಪ ಕಾಯಬೇಕು. ಬಿಡದೆ ಬಡಿದುಕೊಂಡರೆ ಏನೋ ಆಗಿದೆ, ಗಾಡಿ ಪಕ್ಕಕ್ಕೆ ಹಾಕಿ ಮಾತಾಡಬೇಕು. ಯಾರ ನಂಬರೆಂದು ಅತ್ತಿಗೆ ನೋಡುವುದಿಲ್ಲ. ಯಾವ ಮನೆಯ ಮುಂದೆ ನಿಂತಿದ್ದೇವೋ ಅದೇ ಮನೆಯ ಫೋನು ಎಂದು ಲೆಕ್ಕ. ಫೋನು ಜೇಬಿನಲ್ಲಿ ನಡುಗುತ್ತದೆ, ಅತ್ತಿಗೆ ತಲೆಯಾಡಿಸುತ್ತಾರೆ, ನಾನು ಬಾಗಿಲು ಎಳೆಯುತ್ತೇನೆ.

ಈ ಗಾಡಿ ಮೊದಲು ನಮ್ಮ ಅಣ್ಣನದು. ಅವನ ಬೆನ್ನುಮೂಳೆ ಕೈಕೊಟ್ಟು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು ಎಂದಾದಾಗ ಎಲ್ಲರೂ ಗಾಡಿ ಮಾರಿಬಿಡಿ ಎಂದರು. ಅತ್ತಿಗೆ ಆಗ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಸೈಕಲ್ ಕೂಡ ತುಳಿದವರಲ್ಲ. ಡ್ರೈವಿಂಗ್ ಕಲಿಸುವವನು ಮೂರನೇ ದಿನಕ್ಕೇ, “ಅಮ್ಮಾ, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ” ಎಂದು ಕೈಮುಗಿದ. ಅತ್ತಿಗೆ ಮನೆಯ ಬಕೆಟ್‌ಗಳನ್ನೆಲ್ಲ ಹತ್ತಿರದ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಸಾಲಾಗಿಟ್ಟು ರಿವರ್ಸ್ ಕಲಿತರು. ಒಂದು ಬಕೆಟ್ಟೂ ಉಳಿಯಲಿಲ್ಲ. ಅವರಿಗೆ ಲೈಸೆನ್ಸ್ ಸಿಗುವವರೆಗೂ ಮನೆಯವರು ಅಡುಗೆಯ ಪಾತ್ರೆಯಲ್ಲಿ ಸ್ನಾನ ಮಾಡಿದರಂತೆ. ಹಟ ಎಂದರೆ ಅತ್ತಿಗೆಯ ಹಟ, ಹಿಡಿದರೆ ಉಡದ ಹಾಗೆ.

ನಾನು ಗಂಡನ ಮನೆ ಬಿಟ್ಟು ಬಂದಾಗಲೂ ಅಷ್ಟೆ. ಯಾಕೆ ಬಂದೆ, ಯಾವಾಗ ಹೋಗ್ತೀಯ ಎಂದು ಊರಿಗೆ ಊರೇ ಕೇಳಿತು. ಅತ್ತಿಗೆ ಒಂದು ಮಾತೂ ಕೇಳಲಿಲ್ಲ. “ನಾಳೆಯಿಂದ ವ್ಯಾನಿಗೆ ಬಾ, ಹಿಂದೆ ಒಬ್ಬರು ಬೇಕು” ಎಂದರು. ಆ ಹಿಂದಿನ ಸೀಟೇ ನನ್ನ ಬದುಕು. ಅದು ಹೋದರೆ ಮತ್ತೆ ಯಾರ ಮನೆಯ ಬಾಗಿಲಲ್ಲಿ ಹೋಗಿ ನಿಲ್ಲಬೇಕೋ ನನಗೆ ತಿಳಿಯದು.

ಅದಕ್ಕೇ ಸಂಚಕಾರ ಬಂತು. ಶಾಲೆಯ ದೊಡ್ಡ ಮೇಡಂ ವ್ಯಾನಿನವರನ್ನೆಲ್ಲ ಕೂರಿಸಿಕೊಂಡು ಹೊಸ ನಿಯಮ ಹೇಳಿದರು. ಇನ್ನು ಮುಂದೆ ಪ್ರತಿ ಡ್ರೈವರ್ ಹತ್ತಿರವೂ ಸ್ಮಾರ್ಟ್ ಫೋನ್ ಇರಬೇಕು. ಅದರಲ್ಲಿ ಶಾಲೆಯ ಆ್ಯಪ್ ಇರುತ್ತದೆ. ಗಾಡಿ ಎಲ್ಲಿದೆ ಎಂದು ತಂದೆತಾಯಿಗೆ ಕಾಣುತ್ತದೆ. ಮಗು ಹತ್ತಿದಾಗ ಅದರ ಫೋಟೋ ಮೇಲೆ ಒತ್ತಿದರೆ ಹಸಿರು ಟಿಕ್ ಬೀಳುತ್ತದೆ, ಮನೆಯವರಿಗೆ ಮೆಸೇಜ್ ಹೋಗುತ್ತದೆ. ಇಷ್ಟೆಲ್ಲ ಫೋನೇ ಮಾಡುವುದರಿಂದ ಆಯಾಗಳು ಬೇಕಿಲ್ಲ, ಶಾಲೆ ಒಬ್ಬರಿಗೆ ಮಾತ್ರ ಸಂಬಳ ಕೊಡುತ್ತದೆ.

ದೊಡ್ಡ ಮೇಡಂ ಕೆಟ್ಟವರಲ್ಲ, ಅದನ್ನೂ ಹೇಳಿಬಿಡಬೇಕು. ಬೇರೊಂದು ಶಾಲೆಯಲ್ಲಿ ನಿದ್ದೆಹೋದ ಮಗುವೊಂದನ್ನು ವ್ಯಾನಿನಲ್ಲೇ ಬಿಟ್ಟು ಬೀಗ ಹಾಕಿದ್ದರಂತೆ. ಆ ಸುದ್ದಿ ಕೇಳಿದಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಅಲ್ಲೂ ಒಬ್ಬ ಆಯಾ ಇದ್ದಳು ಎಂದೂ ಅವರೇ ಹೇಳಿದರು.

ಅತ್ತಿಗೆ ಎದ್ದು ನಿಂತು, “ನಾನು ಫೋನ್ ಬದಲಾಯಿಸಲ್ಲ ಮೇಡಂ” ಎಂದರು.

“ಯಾಕಮ್ಮ?”

“ಅದು ಬಂದರೆ ನನ್ನ ನಾದಿನಿ ಇಳೀಬೇಕು. ಅದಕ್ಕೆ.”

ಮುಚ್ಚುಮರೆ ಎನ್ನುವುದು ನಮ್ಮ ಅತ್ತಿಗೆಗೆ ಹುಟ್ಟಿನಿಂದಲೇ ಇಲ್ಲ. ಮೇಡಂ ನಿಟ್ಟುಸಿರು ಬಿಟ್ಟು, ತಿಂಗಳು ಮುಗಿಯುವವರೆಗೆ ಯೋಚನೆ ಮಾಡಿ ಎಂದು ಕಳಿಸಿದರು.

ಅಣ್ಣನಿಗೆ ವಿಷಯ ತಿಳಿದದ್ದೇ ತಡ, ಮಲಗಿದ ಕಡೆಯಿಂದಲೇ ಭಾಷಣ ಶುರುವಾಯಿತು. ಅವನು ದಿನವಿಡೀ ಹಲಗೆಯ ಮೇಲೆ ಬೆನ್ನು ಚಾಚಿ, ದೊಡ್ಡ ಸ್ಮಾರ್ಟ್ ಫೋನನ್ನು ಮುಖದ ಮೇಲೆ ಹಿಡಿದುಕೊಂಡು ಲೋಕಸಂಚಾರ ಮಾಡುವವನು. ಆಗಾಗ ಅದು ಕೈಜಾರಿ ಮೂಗಿನ ಮೇಲೆ ಬೀಳುತ್ತದೆ, ಆದರೂ ಬುದ್ಧಿ ಬಂದಿಲ್ಲ.

“ಲೇ, ನಿನ್ನ ಆ ಡಬ್ಬಾ ಫೋನಲ್ಲಿ ಫೋಟೋ ಬರುತ್ತಾ? ಮ್ಯಾಪ್ ಬರುತ್ತಾ? ಒಂದು ಹಾಡಾದ್ರೂ ಬರುತ್ತಾ?”

“ಫೋನ್ ಬರುತ್ತೆ” ಎಂದರು ಅತ್ತಿಗೆ.

ನಾನು ಬಿದ್ದೂ ಬಿದ್ದೂ ನಕ್ಕೆ. ಅಣ್ಣನಿಗೆ ಉರಿದುಹೋಯಿತು. “ನೀನು ನಗ್ಬೇಡ. ಮೊನ್ನೆ ಪೈಪಿಗೆ ಅಂತ ರಸ್ತೆ ಅಗೆದಾಗ ಇಬ್ಬರೂ ಮಕ್ಕಳನ್ನ ಕೂರಿಸ್ಕೊಂಡು ಊರೆಲ್ಲಾ ಸುತ್ತಿದ್ರಿ. ನನ್ನ ಫೋನು ಬೆಳಿಗ್ಗೆನೇ ಹೇಳ್ತು, ಆ ದಾರಿ ಬಂದ್ ಅಂತ.”

“ಹೇಳ್ತು ಸರಿ, ನೀವು ನಮಗೆ ಹೇಳಿದ್ರಾ?”

“ನಿದ್ದೆ ಬಂದಿತ್ತು.”

“ನೋಡಿ ಮತ್ತೆ. ನಿಮ್ಮದಕ್ಕೆ ದಿನಕ್ಕೆರಡು ಸಲ ಚಾರ್ಜ್ ಹಾಕ್ಬೇಕು, ಹಸುಗೂಸಿಗೆ ಹಾಲು ಕುಡಿಸಿದ ಹಾಗೆ. ನನ್ನದಕ್ಕೆ ಒಂದು ಸಲ ಹಾಕಿದ್ರೆ ವಾರ ಮರೀಬಹುದು. ನನ್ನದು ನೀರಿಗೆ ಬಿದ್ದು ಎದ್ದು ಬಂದಿದೆ ರೀ. ನಿಮ್ಮದು ಹಾಸಿಗೆಯಿಂದ ಬಿದ್ದೇ ಮುಖ ಒಡ್ಕೊಂಡಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನದನ್ನ ನೋಡಬೇಕಾಗಿಲ್ಲ. ಗಾಡಿ ಓಡಿಸೋವಾಗ ನನ್ನ ಕಣ್ಣು ರಸ್ತೆ ಮೇಲಿರುತ್ತೆ.”

ಅಣ್ಣ ಫೋನನ್ನು ಮತ್ತೆ ಮುಖದ ಮೇಲೆ ಹಿಡಿದುಕೊಂಡ. ನನಗಂತೂ ಅಂದು ಅತ್ತಿಗೆಯ ಮಾತೇ ಸರಿ ಎನಿಸಿತು. ನನ್ನ ಸೀಟು ಉಳಿಯುವ ಮಾತು ತಾನೇ, ಸರಿ ಎನಿಸದೆ ಇರುತ್ತದೆಯೇ?

ಅದಾಗಿ ವಾರ ಕಳೆದಿತ್ತೋ ಇಲ್ಲವೋ, ಆ ಫೋನೇ ನಮ್ಮ ಕುತ್ತಿಗೆಗೆ ಬಂತು.

ನಮ್ಮ ವ್ಯಾನಿನಲ್ಲಿ ಒಂದನೇ ತರಗತಿಯ ಒಬ್ಬಳು ಹುಡುಗಿ ಇದ್ದಾಳೆ. ಬಾಯಿ ತೆರೆದರೆ ಯಾಕೆ, ಯಾಕೆ ಎಂದೇ ಕೇಳುವುದರಿಂದ ನಾನು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದೇನೆ. ಸಿಗ್ನಲ್ ಯಾಕೆ ಕೆಂಪು, ನಿಮ್ಮ ಹಲ್ಲು ಯಾಕೆ ಸೊಟ್ಟ, ಎಲ್ಲದಕ್ಕೂ ಉತ್ತರ ಬೇಕು. ತಾಯಿ ಆಸ್ಪತ್ರೆಯಲ್ಲಿ ನರ್ಸ್. ಸಂಜೆ ಮೂರನೇ ಮಹಡಿಯ ಮನೆಯಲ್ಲಿ ತಾತ ಬಾಗಿಲು ತೆಗೆದು ನಿಂತು ಒಂದು ರಿಂಗ್ ಕೊಡುತ್ತಾರೆ. ನಾನು ಮೆಟ್ಟಿಲ ತನಕ ಬಿಟ್ಟು ಬರುತ್ತೇನೆ, ಅವಳು ಕುಪ್ಪಳಿಸಿಕೊಂಡು ಹತ್ತಿ ಹೋಗುತ್ತಾಳೆ.

ಅಂದೂ ವ್ಯಾನು ನಿಂತಿತು. ಜೇಬಿನಲ್ಲಿ ಒಂದು ರಿಂಗ್ ಬಂತು, ಅತ್ತಿಗೆ ತಲೆಯಾಡಿಸಿದರು. ನಾನು ಯಾಕಮ್ಮನನ್ನು ಮೆಟ್ಟಿಲು ಹತ್ತಿಸಿದೆ, ನಾವು ಹೊರಟೆವು. ಉಳಿದ ಮಕ್ಕಳನ್ನೆಲ್ಲ ಇಳಿಸಿ ಮನೆಗೆ ಬಂದು ಟೀ ಕುಡಿಯುತ್ತಿರುವಾಗ ಫೋನು ಬಿಡದೆ ಬಡಿದುಕೊಂಡಿತು. ಯಾಕಮ್ಮನ ತಾಯಿ. ಅವರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರ ದನಿಯೇ ಏಳಲಿಲ್ಲ.

“ಮನೆಗೆ ಬಂದು ನೋಡಿದ್ರೆ ನನ್ನ ಮಗಳು ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದಾಳೆ. ಅತ್ತೂ ಅತ್ತೂ ಬಟ್ಟೆ ಒದ್ದೆ ಮಾಡ್ಕೊಂಡಿದ್ದಾಳೆ. ಅಪ್ಪನಿಗೆ ಎದೆನೋವು ಬಂದು ನಮ್ಮ ಆಸ್ಪತ್ರೆಗೇ ಸೇರಿಸಿದೀವಿ. ಮಗೂನ ಶಾಲೆಯಲ್ಲೇ ಬಿಟ್ಟಿರಿ, ನಾನೇ ಬರ್ತೀನಿ ಅಂತ ನಿಮಗೆ ಮೆಸೇಜ್ ಹಾಕಿದ್ದೆ. ಫೋನೂ ಮಾಡಿದ್ದೆ.”

“ನನಗೆ ಮೆಸೇಜ್ ಬಂದಿಲ್ಲವಲ್ಲ...”

“ಫೋನ್ ಬಂತಲ್ಲ? ಅಷ್ಟರಲ್ಲಿ ಡಾಕ್ಟರ್ ಕರೆದ್ರು, ಕಟ್ ಮಾಡ್ದೆ. ನೀವು ನೋಡಿ ತಿರುಗಿ ಮಾಡ್ತೀರಿ ಅಂದ್ಕೊಂಡೆ. ನಾನು ನಿಮ್ಮನ್ನ ನಂಬಿದ್ದೆ.”

ಆ ಒಂದು ರಿಂಗ್ ತಾತನದಲ್ಲ, ತಾಯಿಯದು. ಫೋನು ತೆಗೆದು ನೋಡಿದ್ದರೆ ಹೆಸರು ಕಾಣುತ್ತಿತ್ತು. ನೋಡದೆಯೇ ಎಲ್ಲ ಗೊತ್ತಾಗುತ್ತದೆ ಎಂಬುದೇ ತಾನೇ ನಮ್ಮ ಹೆಮ್ಮೆ! ಮೆಸೇಜ್ ಎಲ್ಲಿ ಹೋಯಿತು ಎಂದು ಅಣ್ಣ ಆ ಫೋನನ್ನು ಇಸಿದುಕೊಂಡು ಕನ್ನಡಕದ ಹತ್ತಿರ ಹಿಡಿದ. ಮೂಲೆಯಲ್ಲಿ ಒಂದು ಲಕೋಟೆಯ ಚಿತ್ರ ಮಿನುಗುತ್ತಿತ್ತು.

“ಡಬ್ಬಿ ತುಂಬಿಹೋಗಿದೆ ಕಣೇ” ಎಂದ. ಅವನ ದನಿಯಲ್ಲಿ ಗೆದ್ದ ಹಮ್ಮು ಇರಲಿಲ್ಲ. “ಇದರೊಳಗೆ ಜಾಗ ಇರೋದೇ ಇಷ್ಟು. ಅದರ ತುಂಬ ಕಂಪನಿಯವರ ಜಾಹೀರಾತು. ಹಳೇದನ್ನ ಅಳಿಸದಿದ್ರೆ ಹೊಸದು ಒಳಗೇ ಬರಲ್ಲ.”

ಅತ್ತಿಗೆ ಟೀ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದರು. ಯಾಕಮ್ಮನ ಮನೆಗೆ ಹೋಗಿ, ತಾಯಿಯ ಮುಂದೆ ನಿಂತು, “ತಪ್ಪು ನನ್ನದು” ಎಂದರು. ಅಷ್ಟೇ, ಆದರೆ ಗೀದರೆ ಏನೂ ಸೇರಿಸಲಿಲ್ಲ. ಮೈ ತೊಳೆಸಿಕೊಂಡು ಬೇರೆ ಬಟ್ಟೆ ಹಾಕಿಕೊಂಡಿದ್ದ ಯಾಕಮ್ಮ ಬಾಗಿಲ ಹಿಂದಿನಿಂದ ಇಣುಕಿ ನೋಡಿದಳು. ಅವಳು ಯಾಕೆ ಎಂದು ಕೇಳದೆ ಇದ್ದದ್ದು ಅದೊಂದೇ ದಿನ.

ದೊಡ್ಡ ಮೇಡಂ ಮರುದಿನವೇ ಕರೆಸಿದರು. ಹೊಸ ಫೋನು ಇಲ್ಲದಿದ್ದರೆ ಈ ಮಕ್ಕಳನ್ನು ಬೇರೆ ವ್ಯಾನಿಗೆ ಹಾಕುವುದಾಗಿ ಹೇಳಿದರು. ಅತ್ತಿಗೆ ಆಯಿತು ಎಂದರು. ಮೇಡಂ ಇನ್ನೊಂದು ಷರತ್ತು ಹಾಕಿದರು. ಬರುವ ವಾರವಿಡೀ ಪರೀಕ್ಷೆ, ನಾನು ಹಿಂದೆ ಸುಮ್ಮನೆ ಕೂತಿರಬೇಕು, ಯಾವುದಕ್ಕೂ ಕೈಹಾಕಬಾರದು. ಡ್ರೈವರ್ ಒಬ್ಬರೇ ನಿಭಾಯಿಸಿದರೆ ಆಮೇಲೆ ನಾನು ಬರುವುದು ಬೇಡ.

ಮನೆಗೆ ಬರುವ ದಾರಿಯಲ್ಲಿ ನಾನು ಕಿಡಿಕಾರಿದೆ. “ಆಯ್ತು ಅಂದುಬಿಟ್ರಲ್ಲ ಅತ್ತಿಗೆ! ನಾನೆಲ್ಲಿ ಹೋಗಲಿ?”

“ಅಲ್ಲಿ ಮಗು ಬಟ್ಟೇಲಿ ಮಾಡ್ಕೊಂಡು ಕೂತಿತ್ತು. ಇನ್ನು ನಾನು ಯಾವ ಮುಖ ಇಟ್ಕೊಂಡು ಹಳೇ ಫೋನು ಒಳ್ಳೇದು ಅನ್ನಲಿ?”

ನಾನು ಮುಖ ತಿರುಗಿಸಿಕೊಂಡೆ. ಎರಡು ದಿನ ಮಾತು ಬಿಟ್ಟೆ. ಅತ್ತಿಗೆ ಅದನ್ನು ಗಮನಿಸಲೂ ಇಲ್ಲ, ಫೋನು ಕಲಿಯುವುದರಲ್ಲೇ ಮುಳುಗಿದ್ದರು.

ಅಣ್ಣನ ಫೋನನ್ನೇ ಕಿತ್ತುಕೊಂಡರು. ಅವನು ಎರಡು ದಿನ ಸೂರು ನೋಡುತ್ತ ಮಲಗಿ, ಮೂರನೇ ದಿನ ಎದ್ದು ಕೂತು ಪಾತ್ರೆ ತೊಳೆಯಲು ಶುರುಮಾಡಿದ. ಡಾಕ್ಟರ ಔಷಧಿಗೆ ಆಗದ ಕೆಲಸ ಅದು. ಅತ್ತಿಗೆಯ ಕಷ್ಟವೇ ಬೇರೆ. ಇಸ್ತ್ರಿ ಪೆಟ್ಟಿಗೆಗೆ ಸುಟ್ಟು, ಸ್ಟೇರಿಂಗಿಗೆ ಉಜ್ಜಿ ಅವರ ಹೆಬ್ಬೆರಳು ಒಣ ಚರ್ಮದ ತುಂಡಾಗಿಹೋಗಿದೆ. ಅವರು ಒತ್ತಿದರೆ ಆ ಫೋನಿಗೆ ಯಾರೋ ಒತ್ತಿದ್ದಾರೆ ಎಂದೇ ತಿಳಿಯದು. ಬೆರಳಿಗೆ ಎಣ್ಣೆ ಹಚ್ಚಿದರು, ಜಾರಿತು. ನೀರು ಹಚ್ಚಿದರು, ಯಾರಿಗೋ ಫೋನ್ ಹೋಯಿತು. ಕೊನೆಗೆ ಎಡಗೈಯ ಕಿರುಬೆರಳೊಂದಕ್ಕೆ ಅದು ಮಣಿಯಿತು. ವ್ಯಾನಿನ ಸೀಟಿನಲ್ಲಿ ಕೂತು ಕಿರುಬೆರಳಿನಿಂದ ಮಕ್ಕಳ ಮುಖಗಳನ್ನು ಒಂದೊಂದಾಗಿ ಒತ್ತಿ ಅಭ್ಯಾಸ ಮಾಡುತ್ತಿದ್ದುದನ್ನು ನೋಡಿ ನನ್ನ ಕೋಪ ಅರ್ಧ ಇಳಿಯಿತು.

“ಇದು ಒಳ್ಳೇದು ಕಣೇ” ಎಂದರು ಒಂದು ಸಂಜೆ, ನಾನು ಕೇಳದೆಯೇ. “ಹೆಸರು, ಮುಖ ಎಲ್ಲಾ ಎದುರಿಗೇ ಬರುತ್ತೆ. ಮೆಸೇಜು ಎಷ್ಟು ಬಂದ್ರೂ ತುಂಬಲ್ಲ. ಗಾಡಿ ಎಲ್ಲಿದೆ ಅಂತ ಅವರಿಗೆ ತಾನೇ ಗೊತ್ತಾಗುತ್ತೆ. ಇದು ಅವತ್ತೇ ಇದ್ದಿದ್ರೆ ಆ ಮಗು ಮೆಟ್ಟಿಲ ಮೇಲೆ ಕೂರ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ?”

“ಹಾಗಾದ್ರೆ ನಾನು ಬೇಡ ಅನ್ನಿ.”

“ಅದನ್ನ ನಾನು ಹೇಳ್ಲಿಲ್ಲ” ಎಂದು ಮತ್ತೆ ಕಿರುಬೆರಳು ಆಡಿಸತೊಡಗಿದರು.

ಪರೀಕ್ಷೆಯ ವಾರ ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ನಡೆದಷ್ಟೂ ನನಗೆ ಸಂಕಟ. ಪ್ರತಿ ನಿಲುಗಡೆಯಲ್ಲೂ ಅತ್ತಿಗೆ ತಲೆ ತಗ್ಗಿಸಿ ಮುಖ ಹುಡುಕಿ ಒತ್ತುತ್ತಿದ್ದರು, ಟಿಕ್ ಬೀಳುತ್ತಿತ್ತು, ಹೊರಡುತ್ತಿದ್ದರು. ಕೈಕಟ್ಟಿ ಕೂತಿದ್ದ ನಾನು ಮಾಡಲು ಬೇರೆ ಕೆಲಸವಿಲ್ಲದೆ ಅಭ್ಯಾಸಬಲದಿಂದ ತಲೆ ಎಣಿಸುತ್ತಿದ್ದೆ.

ವಾರದ ಕೊನೆಯ ಬೆಳಿಗ್ಗೆ. ಯಾಕಮ್ಮನ ಮನೆಯ ಮುಂದೆ ನಿಂತೆವು. ಅವಳು ಹತ್ತಿ ಮುಂದಿನ ಸೀಟಿನಲ್ಲಿ ಚೀಲ ಇಟ್ಟಳು. ಅತ್ತಿಗೆ ಅವಳ ಮುಖ ಒತ್ತಿದರು, ಟಿಕ್ ಬಿತ್ತು. ಅವಳ ಹಿಂದೆಯೇ ಪಕ್ಕದ ಮನೆಯ ಅಕ್ಕ ತಂಗಿ ಇಬ್ಬರು ಹತ್ತಬೇಕು. ಇಬ್ಬರ ಮುಖವೂ ಒಂದೇ ತರಹ. ಯಾರದು ಯಾವುದೆಂದು ಅತ್ತಿಗೆ ಬಗ್ಗಿ ನೋಡಿ ಒತ್ತುತ್ತಿದ್ದರು. ದೊಡ್ಡವಳು ಬಾಗಿಲು ಎಳೆದುಕೊಂಡಳು. ಎಲ್ಲ ಹಸಿರಾಯಿತು. ಅತ್ತಿಗೆ ಗೇರ್ ಹಾಕಿದರು.

ನನ್ನ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಂತು. ಮುಂದಿನ ಸೀಟಿನಲ್ಲಿ ಚೀಲ ಇತ್ತು, ಮಗು ಇರಲಿಲ್ಲ.

“ಅತ್ತಿಗೇ! ನಿಲ್ಸಿ! ನಿಲ್ಸೀ!” ಎಂದು ಕಿರುಚಿ ವ್ಯಾನಿನ ಮೈಮೇಲೆ ಎರಡೂ ಕೈಯಿಂದ ಬಡಿದೆ. ಬ್ರೇಕಿಗೆ ಮಕ್ಕಳೆಲ್ಲ ಮುಂದಕ್ಕೆ ಮುಗ್ಗರಿಸಿದರು. ಗಾಡಿ ಅಷ್ಟರಲ್ಲೇ ಗೇಣುದ್ದ ಮುಂದೆ ಹೋಗಿತ್ತು. ಮುಂದಿನ ಗಾಜಿನ ಕೆಳಗಿನಿಂದ ಎರಡು ಜಡೆ ಮೇಲೆದ್ದವು. ಉರುಳಿಹೋದ ನೀರಿನ ಬಾಟಲಿ ಎತ್ತಿಕೊಳ್ಳಲು, ಟಿಕ್ ಬಿದ್ದ ಮೇಲೆ, ಅವಳು ಮತ್ತೆ ಇಳಿದು ಬಂಪರಿನ ಮುಂದೆ ಬಗ್ಗಿದ್ದಳು. ಬಾಟಲಿಯನ್ನು ಎದೆಗವಚಿಕೊಂಡು ನಮ್ಮನ್ನೇ ನೋಡಿ, “ಯಾಕೆ ಎಲ್ಲರೂ ಕಿರುಚ್ತಿದ್ದೀರ?” ಎಂದಳು.

ನಾನು ಇಳಿದು ಅವಳನ್ನು ಬಾಚಿ ಎತ್ತಿಕೊಂಡೆ. ಅತ್ತಿಗೆ ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ತೊಡೆಯ ಮೇಲಿನ ಫೋನಿನಲ್ಲಿ ಸಾಲಾಗಿ ಹಸಿರು ಟಿಕ್‌ಗಳು.

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಂಜೆ ಶಾಲೆಯಲ್ಲಿ ತಂದೆತಾಯಿಗಳ ಸಭೆ ಇತ್ತು, ಹೊಸ ವ್ಯವಸ್ಥೆ ಹೇಗೆ ನಡೆದಿದೆ ಎಂದು ಕೇಳುವುದಕ್ಕೆ. ಹೊರಡುವ ಮೊದಲು ಅತ್ತಿಗೆ, “ಬೆಳಿಗ್ಗೆ ಆಗಿದ್ದನ್ನ ಹೇಳಿಬಿಡ್ತೀನಿ” ಎಂದರು.

ಅಣ್ಣ ಗಾಬರಿಯಾಗಿ ಎದ್ದು ಕೂತ. “ತಲೆ ಕೆಟ್ಟಿದೆಯಾ ನಿಂಗೆ? ಮಗೂಗೆ ಒಂದು ಗೀರೂ ಆಗಿಲ್ಲ. ದೊಡ್ಡವರು ಯಾರೂ ನೋಡಿಲ್ಲ. ಹೇಳಿದ್ರೆ ಮಕ್ಕಳನ್ನ ಕಿತ್ಕೊಂಡು ಖಾಲಿ ವ್ಯಾನು ಕಳಿಸ್ತಾರೆ. ಮೂವರೂ ಬೀದಿಗೆ ಬೀಳ್ತೀವಿ.”

ನಾನೂ ಅದನ್ನೇ ಹೇಳಿದೆ. “ಅತ್ತಿಗೆ, ನಾನು ಕೆಲಸ ಬಿಟ್ಟರೆ ಬಿಟ್ಟೆ. ಬೇರೆ ಎಲ್ಲಾದರೂ ನೋಡ್ಕೋತೀನಿ. ನಿಮ್ಮ ಗಾಡಿಯಾದ್ರೂ ಉಳೀಲಿ. ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ಮನಿರಿ.”

“ಸುಮ್ಮನಿದ್ರೆ ಸೋಮವಾರ ನಾನೊಬ್ಬಳೇ ಹೋಗ್ಬೇಕು” ಎಂದರು ಅತ್ತಿಗೆ. “ನಾನು ತಲೆ ತಗ್ಗಿಸಿ ಒತ್ತುತಾ ಇರ್ತೀನಿ, ಮುಂದೆ ಯಾವುದೋ ಮಗು ಬಗ್ಗಿರುತ್ತೆ. ಆಗ ಕಿರುಚೋರು ಯಾರು?”

ಅತ್ತಿಗೆ ಎರಡೂ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟರು. ನಾನು ಹಿಂದೆಯೇ ಓಡಿದೆ.

ಸಭೆ ಇದ್ದದ್ದು ಒಂದನೇ ತರಗತಿಯ ಕೋಣೆಯಲ್ಲಿ. ದೊಡ್ಡ ದೊಡ್ಡವರೆಲ್ಲ ಚಿಕ್ಕ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಯಾಕಮ್ಮನ ತಾಯಿ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಬಂದು ಕಿಟಕಿಯ ಪಕ್ಕ ಕೂತಿದ್ದರು. ದೊಡ್ಡ ಮೇಡಂ ವಾರವಿಡೀ ಒಂದು ದೂರೂ ಬಂದಿಲ್ಲ ಎಂದು ನೆಮ್ಮದಿಯಿಂದ ಹೇಳಿ ಮುಗಿಸಿದರು. ಅತ್ತಿಗೆ ಎದ್ದು ಹೋಗಿ ಎರಡೂ ಫೋನನ್ನು ಮೇಜಿನ ಮೇಲಿಟ್ಟರು. ರಬ್ಬರ್ ಬ್ಯಾಂಡಿನ ಫೋನು ನೋಡಿ ಯಾರೋ ಕಿಸಕ್ಕೆಂದರು. ನಾನು ದುರುಗುಟ್ಟಿ ನೋಡಿದೆ, ಸುಮ್ಮನಾದರು.

“ನನಗೆ ಭಾಷಣ ಬರಲ್ಲ” ಎಂದರು ಅತ್ತಿಗೆ. “ಈ ಹಳೇದರಿಂದ ಒಂದು ಮಗು ಬೀಗದ ಬಾಗಿಲ ಮುಂದೆ ಕೂತು ಅತ್ತಿತು. ನೋಡದೇ ಎಲ್ಲಾ ತಿಳಿಯುತ್ತೆ ಅನ್ನೋ ಜಂಭ ನನಗಿತ್ತು. ಆದ್ದರಿಂದ ಹೊಸದು ಬೇಕು. ನಾನೇ ಹೇಳ್ತಿದ್ದೀನಿ, ಬೇಕು. ಆದರೆ ಹೊಸದನ್ನ ನೋಡ್ತಾ ಇರಬೇಕು. ಇವತ್ತು ಬೆಳಿಗ್ಗೆ ನಾನು ಅದನ್ನ ನೋಡ್ತಾ ಇದ್ದೆ. ಅದೇ ಮಗು ನನ್ನ ಗಾಡಿ ಮುಂದೆ ಬಗ್ಗಿತ್ತು. ನನಗೆ ಕಾಣಲಿಲ್ಲ. ಗೇರ್ ಹಾಕಿ ಗಾಡಿ ಬಿಟ್ಟಿದ್ದೆ. ನನ್ನ ನಾದಿನಿ ಕಿರುಚಿದ್ಳು, ನಿಲ್ಲಿಸ್ದೆ.”

ಅತ್ತಿಗೆ ತಂದೆತಾಯಿಗಳ ಕಡೆ ತಿರುಗಿದರು.

“ಒತ್ತೋರು ಒಬ್ಬರು, ಓಡಿಸೋರು ಒಬ್ಬರು ಇರಬೇಕು. ಇಲ್ಲಾಂದ್ರೆ ನಾನು ಈ ಗಾಡಿ ಸ್ಟಾರ್ಟ್ ಮಾಡಲ್ಲ. ಮಕ್ಕಳನ್ನ ಬೇರೆ ಯಾರ ವ್ಯಾನಿಗಾದ್ರೂ ಹಾಕಿ. ಆದರೆ ಅವರಿಗೂ ಕಣ್ಣು ಎರಡೇ ಇರೋದು.”

ಒಬ್ಬ ತಂದೆ ಎದ್ದು, “ಇವರನ್ನ ಇನ್ನೂ ಇಟ್ಕೊಂಡಿದೀರಲ್ಲ ಮೇಡಂ! ಹದಿನೈದು ದಿನದಲ್ಲಿ ಎರಡು ಸಲ!” ಎಂದು ಕೂಗಿದ. ಇನ್ನಿಬ್ಬರು ಹೌದು ಹೌದು ಎಂದರು. ದೊಡ್ಡ ಮೇಡಂ ಮುಖ ಬಿಳಿಚಿಕೊಂಡಿತ್ತು. ಅತ್ತಿಗೆ ಅಲ್ಲಾಡದೆ ನಿಂತಿದ್ದರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

ಆಗ ಯಾಕಮ್ಮನ ತಾಯಿ ಎದ್ದರು. ತಮ್ಮ ಫೋನು ತೆಗೆದು ಏನನ್ನೋ ಹುಡುಕಿದರು.

“ಬೆಳಿಗ್ಗೆ ನನಗೆ ಇದು ಬಂತು” ಎಂದು ಓದಿದರು. “ನಿಮ್ಮ ಮಗು ಸುರಕ್ಷಿತವಾಗಿ ವ್ಯಾನ್ ಹತ್ತಿದೆ. ಹಸಿರು ಟಿಕ್. ನಾನು ಪಕ್ಕದಲ್ಲಿದ್ದ ನರ್ಸಿಗೆ ತೋರಿಸಿ ನಕ್ಕೆ. ನೋಡು, ಈಗೆಷ್ಟು ನೆಮ್ಮದಿ ಅಂದೆ. ಆ ಹೊತ್ತಿಗೆ ನನ್ನ ಮಗಳು ಚಕ್ರದ ಮುಂದೆ ಬಗ್ಗಿದ್ಳು.”

ಫೋನನ್ನು ಚೀಲಕ್ಕೆ ಹಾಕಿ ಅತ್ತಿಗೆಯ ಕಡೆ ತಿರುಗಿದರು. “ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ಹೋಗಿಲ್ಲ. ಆದರೆ ನೀವು ಹೇಳದೇ ಇದ್ದಿದ್ರೆ ನಾನು ಈ ಟಿಕ್ ನೋಡ್ಕೊಂಡು ಸಾಯೋವರೆಗೂ ನಗ್ತಾ ಇರ್ತಿದ್ದೆ.” ಆಮೇಲೆ ಮೇಡಂ ಕಡೆ ನೋಡಿದರು. “ಟಿಕ್ ನನಗೆ ಬೇಕು. ಒತ್ತೋರು ಮಾತ್ರ ನನ್ನ ಮಗಳ ಪಕ್ಕದಲ್ಲೇ ಇರಬೇಕು. ಇವರಿಬ್ಬರೂ ಇದ್ರೆ ನನ್ನ ಮಗಳು ಸೋಮವಾರ ಅದೇ ವ್ಯಾನಿಗೆ ಬರ್ತಾಳೆ.”

ಕೂಗಿದ ತಂದೆ ಕೂತುಕೊಂಡ. ದೊಡ್ಡ ಮೇಡಂ ಎರಡೂ ಫೋನನ್ನು ಎತ್ತಿ ಅತ್ತಿಗೆಯ ಕೈಗೆ ಕೊಟ್ಟರು. “ಆಡಳಿತದವರ ಹತ್ತಿರ ನಾನು ಮಾತಾಡ್ತೀನಿ, ಏನಂತಾರೋ ಗೊತ್ತಿಲ್ಲ. ಅಲ್ಲೀವರೆಗೆ ಇಬ್ಬರೂ ಹೋಗಿ” ಎಂದರು. ನನ್ನ ಕಡೆ ತಿರುಗಿ, “ಆ್ಯಪ್ ಒತ್ತೋಕೆ ಬರುತ್ತಾ ನಿಮಗೆ?” ಎಂದು ಕೇಳಿದರು. ಬರುತ್ತೆ ಎಂದೆ. ಬರುತ್ತಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ವಿಮಾನ ಓಡಿಸಲು ಬರುತ್ತಾ ಎಂದಿದ್ದರೂ ಬರುತ್ತೆ ಎನ್ನುತ್ತಿದ್ದೆ.

ಹೊರಗೆ ಬಂದು ಅತ್ತಿಗೆ ವ್ಯಾನು ಹತ್ತಿದರು. ನಾನು ಹಿಂದೆ ಹೋಗದೆ ಪಕ್ಕದ ಸೀಟಿನಲ್ಲೇ ಕೂತೆ. ಅವರು ಬೀಗದ ಕೈಯನ್ನು ತೂರಿಸಲು ನೋಡಿದರು, ಆಗಲಿಲ್ಲ. ಮತ್ತೆ ನೋಡಿದರು. ಅಷ್ಟು ಜನರ ಮುಂದೆ ಅಲ್ಲಾಡದ ಕೈ ಈಗ ಗಡಗಡ ನಡುಗುತ್ತಿತ್ತು.

“ಅತ್ತಿಗೆ, ನನಗೋಸ್ಕರ ಇಷ್ಟೆಲ್ಲಾ ಮೈಮೇಲೆ ಎಳ್ಕೊಂಡ್ರಾ?”

“ನಿನಗೋಸ್ಕರ ಅಲ್ಲ ಕಣೇ” ಎಂದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಮೊದಲು ನಿನಗೋಸ್ಕರಾನೇ ಹಟ ಹಿಡಿದಿದ್ದೆ, ನಿಜ. ಬೆಳಿಗ್ಗೆಯಿಂದ ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ. ನೀನು ಹಿಂದೆ ಇಲ್ಲದಿದ್ರೆ ನಾನು ಇನ್ನೊಂದು ಸಲ ಗೇರ್ ಹಾಕಲಾರೆ.”

ನಾನು ಅವರ ಕೈಯಿಂದ ಬೀಗದ ಕೈ ತೆಗೆದುಕೊಂಡೆ. ನಡುಕ ನಿಲ್ಲುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.